ತಯಾರಿಕೆಯ ನಂತರದ ಕೆಲಸ: ಸ್ವಸಹಾಯ ಸಂಘಗಳ ಮಾರಾಟ

ಸಂಜೀವಿನಿ ಯೋಜನೆಯಡಿ ಸ್ವಸಹಾಯ ಸಂಘಗಳಿಗೆ ಸಾಲ ಹಾಗೂ ತಯಾರಿಕೆಯ ತರಬೇತಿ ದೊರೆಯುತ್ತಿದೆ. ಆದರೆ ತಯಾರಾದ ಚಟ್ನಿಪುಡಿ, ಖಡಕ್ ರೊಟ್ಟಿ, ಕೌದಿಗಳು ಮನೆಯ ಮೂಲೆಯಲ್ಲೇ ಉಳಿದರೂ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಮಾನ್ಯ ಸದಸ್ಯರು ಸಂಘಗಳ ಸಭೆಯಲ್ಲಿ ಮಾರಾಟದ ವಿಷಯವನ್ನೂ ಚರ್ಚಿಸುವುದು ಅವಶ್ಯ.

ಹೆಚ್ಚಿನ ತಪ್ಪು ಆಗುವುದು ಬೆಲೆ ನಿಗದಿಯಲ್ಲಿ. ಉದಾಹರಣೆಗೆ, 10 ಕೆ.ಜಿ. ಶೇಂಗಾ ಚಟ್ನಿಪುಡಿಗೆ ಸಾಮಗ್ರಿ, ಪೊಟ್ಟಣ, ಸಾಗಣೆ ಸೇರಿ ರೂ. 2,000 ಖರ್ಚಾಯಿತೆನ್ನೋಣ. ಕೆ.ಜಿ.ಗೆ ರೂ. 220ರಂತೆ ಮಾರಿದರೆ ರೂ. 200 ಲಾಭವೆಂದು ತೋರುತ್ತದೆ. ಇಬ್ಬರು ಮಹಿಳೆಯರ ಒಂದು ದಿನದ ಕೂಲಿ ತಲಾ ರೂ. 400 ಸೇರಿಸಿದರೆ ಅದು ರೂ. 600 ನಷ್ಟ. ಮನೆಯವರ ದುಡಿಮೆಗೆ ಬೆಲೆ ಕಟ್ಟದಿರುವ ರೂಢಿ ಹೊಲದಿಂದಲೇ ಬಂದದ್ದು. ವ್ಯಾಪಾರದಲ್ಲಿ ಅದನ್ನು ಬಿಡಲೇಬೇಕು.

ಸರಿಯಾದ ಬೆಲೆ ಹೇಳಿದಾಗ ಗ್ರಾಹಕರು ಕಾರಣ ಕೇಳುತ್ತಾರೆ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಹಗುರ ಮರದ ಭಾಗಗಳನ್ನು ಜೋಡಿಸಿ, ಹುಣಸೆಬೀಜದ ಅಂಟು ಬೆರೆಸಿದ ಕಿಟ್ಟದಿಂದ ರೂಪ ಕೊಟ್ಟು, ಬಳಿಕ ಬಣ್ಣ ಹಚ್ಚಲಾಗುತ್ತದೆ. ಈ ಶ್ರಮವನ್ನು ಅರಿಯದವರು ಅದನ್ನು ಪ್ಲಾಸ್ಟಿಕ್ ಗೊಂಬೆಗೆ ಹೋಲಿಸಿ ಚೌಕಾಸಿಗಿಳಿಯುತ್ತಾರೆ. ಮಳಿಗೆಯಲ್ಲಿ ಬಣ್ಣ ಹಚ್ಚದ ಒಂದು ಗೊಂಬೆಯನ್ನಿಟ್ಟು ಕೆಲಸವನ್ನು ವಿವರಿಸಿದರೆ ಬೆಲೆ ಇಳಿಸುವ ಅಗತ್ಯ ಕಡಿಮೆಯಾಗುತ್ತದೆ. ಒಮ್ಮೆ ಕೊಟ್ಟ ರಿಯಾಯಿತಿಯೇ ಮುಂದೆ ಬೆಲೆಯಾಗಿ ನಿಲ್ಲುತ್ತದೆ.

ಸ್ಥಳಕ್ಕೆ ತಕ್ಕ ಸರಕೂ ಮುಖ್ಯ. ಗಂಗಾವತಿ ತಾಲ್ಲೂಕಿನ ಆನೆಗೊಂದಿಗೆ ಬರುವ ಪ್ರವಾಸಿಗರು ಚೀಲದಲ್ಲಿ ಹಿಡಿಯುವ ಹಗುರ ವಸ್ತುವನ್ನು, ಅಲ್ಲಿಯ ಬಾಳೆನಾರಿನ ಸಾಮಾನಿನಂಥದ್ದನ್ನು, ಕೊಳ್ಳುವ ಸಂಭವ ಹೆಚ್ಚು. ಕುಷ್ಟಗಿ, ಯಲಬುರ್ಗಾ ಸಂತೆಗಳಿಗೆ ಬರುವವರು ಊರವರೇ. ಅಲ್ಲಿ ಸಣ್ಣ ಪೊಟ್ಟಣ ಲೇಸು. ಪರಿಚಯದವರಿಗೆ ಉದ್ರಿ ಕೊಡುವ ಮಿತಿಯನ್ನು ಸಂಘವೇ ಮೊದಲು ಠರಾವಿಸಲಿ. ಮಾರುವವಳೊಬ್ಬಳೇ ಇಲ್ಲವೆನ್ನುವುದು ಕಷ್ಟ.

ಆಹಾರ ಪದಾರ್ಥಗಳಿಗೆ ಆಹಾರ ಸುರಕ್ಷತಾ ನೋಂದಣಿ ಇರತಕ್ಕದ್ದು. ಪೊಟ್ಟಣದ ಮೇಲೆ ನೋಂದಣಿ ಸಂಖ್ಯೆ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನಾಂಕಗಳನ್ನು ನಮೂದಿಸತಕ್ಕದ್ದು.

ಪ್ರತಿ ಸಂತೆಯ ನಂತರ ಮಾರಾಟವಾದದ್ದು, ಉಳಿದದ್ದು ಮಾತ್ರವಲ್ಲದೆ, ಗ್ರಾಹಕರು ಕೇಳಿದರೂ ಇಲ್ಲದಿದ್ದದ್ದನ್ನೂ ಒಂದು ವಹಿಯಲ್ಲಿ ಬರೆಯಬೇಕು. ಮುಂದಿನ ವಾರದ ತಯಾರಿಕೆಯನ್ನು ಈ ಮೂರನೆಯ ಕಲಮು ನೋಡಿಯೇ ನಿರ್ಧರಿಸುವುದು ಒಳಿತು.

ತಮ್ಮ ಸಂತೆಗಳಲ್ಲಿ ಸಂಘಗಳಿಗೆ ಪ್ರತಿ ವಾರ ಒಂದೇ ಜಾಗ ದೊರೆಯುವಂತೆ ಸದಸ್ಯರು ಸಭೆಯಲ್ಲಿ ಠರಾವು ಮಾಡಬಹುದು. ಕಳೆದ ವಾರ ರೊಟ್ಟಿ ಕೊಂಡವರು ಈ ವಾರವೂ ಅಲ್ಲಿಗೇ ಬಂದು ಹುಡುಕುತ್ತಾರೆ.