ಕೋಳಿ ಬುಟ್ಟಿ ಬಿಟ್ಟು ಏಳುತ್ತಿಲ್ಲ, ಏಕೆ?

ಮಕ್ಕಳೇ, ನಿನ್ನೆಯವರೆಗೆ ಹಿತ್ತಿಲಿನಲ್ಲಿ ಮಣ್ಣು ಕೆದಕುತ್ತಾ ಓಡಾಡುತ್ತಿದ್ದ ಹೇಂಟೆ ಇಂದು ಬುಟ್ಟಿಯಿಂದ ಏಳುತ್ತಲೇ ಇಲ್ಲ. ಕಾಳು ಚೆಲ್ಲಿ ಕರೆದರೂ ಬರುವುದಿಲ್ಲ. ಹತ್ತಿರ ಹೋದರೆ ಗರಿ ಕೆದರಿ ಕೈಗೆ ಕುಕ್ಕುತ್ತದೆ. ಅದಕ್ಕೆ ರೋಗ ಬಂದಿದೆಯೇ? ಅಥವಾ ಕಾವಿಗೆ ಕುಳಿತಿದೆಯೇ? ತಿಳಿಯೋಣ ಬನ್ನಿ.

ಕಾವು ಎಂದರೇನು?

ಮೊಟ್ಟೆಯೊಳಗಿನ ಭ್ರೂಣ ಬೆಳೆಯಲು ಬಿಸಿ ಬೇಕು. ಕೋಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೊಟ್ಟೆಗಳ ಮೇಲೆ ಕುಳಿತು ಅದು ಈ ಬಿಸಿಯನ್ನು ಕೊಡುತ್ತದೆ. ಇದೇ ಕಾವು. ಇದನ್ನು ಕೋಳಿಗೆ ಯಾರೂ ಕಲಿಸುವುದಿಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸಿದಾಗ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸಿ ಕಾವಿಗೆ ಕೂರುತ್ತದೆ.

ಗುರುತಿಸುವುದು ಹೇಗೆ?

* ರಾತ್ರಿಯೂ ಬುಟ್ಟಿಯಲ್ಲೇ ಇರುತ್ತದೆ.
* 'ಕ್ಲಕ್ ಕ್ಲಕ್' ಎಂದು ಬೇರೆಯೇ ದನಿ ಮಾಡುತ್ತದೆ.
* ಎದೆ, ಹೊಟ್ಟೆಯ ಗರಿಗಳು ಉದುರಿ ಚರ್ಮ ಕಾಣುತ್ತದೆ. ಇದರಿಂದ ಬಿಸಿ ನೇರವಾಗಿ ಮೊಟ್ಟೆಗೆ ತಲುಪುತ್ತದೆ.
* ದಿನಕ್ಕೆ ಒಂದೆರಡು ಬಾರಿ ಮಾತ್ರ ಎದ್ದು, ಬೇಗಬೇಗ ತಿಂದು, ನೀರು ಕುಡಿದು ಮರಳುತ್ತದೆ.

ಅನುಮಾನವಿದ್ದರೆ ಅದನ್ನು ಮೆಲ್ಲಗೆ ಎತ್ತಿ ಹೊರಗೆ ಬಿಡಿ. ಕಾವಿನ ಕೋಳಿ ಚುರುಕಾಗಿ ಕೂಗುತ್ತಾ ಬುಟ್ಟಿಗೆ ಓಡುತ್ತದೆ. ರೋಗ ಬಂದ ಕೋಳಿ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ತೂಕಡಿಸುತ್ತದೆ. ಹಾಗಿದ್ದರೆ ಅದನ್ನು ಮುಟ್ಟದೆ ತಕ್ಷಣ ಹಿರಿಯರಿಗೆ ಹೇಳಿ, ಪಶುವೈದ್ಯರಿಗೆ ತೋರಿಸಿ.

ಮರಿ ಬೇಕಿದ್ದರೆ

ಹುಂಜದೊಡನೆ ಇರುವ ಹೇಂಟೆಯ ಮೊಟ್ಟೆಗಳಿಂದ ಮಾತ್ರ ಮರಿಯಾಗುತ್ತದೆ. ಒಂದು ವಾರದೊಳಗಿನ, ಬಿರುಕಿಲ್ಲದ 10–12 ಮೊಟ್ಟೆಗಳನ್ನು ಆರಿಸಿ. ಅವನ್ನು ತೊಳೆಯಬೇಡಿ. ಹುಲ್ಲು ಹಾಸಿದ ಬುಟ್ಟಿಯಲ್ಲಿ ಎಲ್ಲವನ್ನೂ ಒಂದೇ ದಿನ ಇಡಿ. ದಿನಕ್ಕೊಂದರಂತೆ ಇಟ್ಟರೆ ಮೊದಲ ಮರಿಗಳು ಹೊರಬಂದಾಗ ತಾಯಿ ಅವುಗಳೊಡನೆ ಎದ್ದು ಹೋಗುತ್ತದೆ. ಉಳಿದ ಮೊಟ್ಟೆಗಳು ತಣ್ಣಗಾಗಿ ಕೆಡುತ್ತವೆ. ಬೇರೆ ಕೋಳಿಗಳೂ ಅಲ್ಲಿಯೇ ಮೊಟ್ಟೆ ಇಡಬಹುದು. ಆದ್ದರಿಂದ ಕಾವಿಗಿಟ್ಟ ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ಗುರುತಿಲ್ಲದವನ್ನು ತೆಗೆಯಿರಿ.

ನೀರು, ಕಾಳು ಹತ್ತಿರದಲ್ಲೇ ಇರಲಿ. ಕೋಳಿ ಮೊಟ್ಟೆಗಳನ್ನು ಆಗಾಗ ತಾನೇ ಹೊರಳಿಸುತ್ತದೆ. ಇಲ್ಲದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಸುಮಾರು 21 ದಿನಕ್ಕೆ ಮರಿ ಹೊರಬರುತ್ತದೆ. ಕೊನೆಯ ಮೂರು ದಿನ ಬುಟ್ಟಿಯ ತಂಟೆಗೆ ಹೋಗಬೇಡಿ. ಮರಿ ಚಿಪ್ಪು ಒಡೆಯಲು ಹಲವು ಗಂಟೆ ತೆಗೆದುಕೊಳ್ಳುತ್ತದೆ. ಪಾಪ ಎಂದು ನೀವೇ ಚಿಪ್ಪು ಬಿಡಿಸಿದರೆ ಒಳಪೊರೆಯ ರಕ್ತನಾಳ ಹರಿದು ಮರಿ ಸಾಯಬಹುದು.

ಮರಿ ಬೇಡದಿದ್ದರೆ

ಮೊಟ್ಟೆ ಇಲ್ಲದ ಬುಟ್ಟಿಯಲ್ಲೂ ಕೋಳಿ ಕಾವು ಕೂರುತ್ತದೆ. ಮರಿ ಬರುವುದೇ ಇಲ್ಲ, ಅದು ಏಳುವುದೂ ಇಲ್ಲ! ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಕುಳಿತು ಸೊರಗುತ್ತದೆ. ಮೈಯಲ್ಲಿ ಹೇನು ಹೆಚ್ಚುತ್ತದೆ.

ಕೆಲವರು ಕಾವು ಬಿಡಿಸಲು ಕೋಳಿಯನ್ನು ನೀರಿನಲ್ಲಿ ಮುಳುಗಿಸುತ್ತಾರೆ, ಮೂಗಿಗೆ ಗರಿ ಚುಚ್ಚುತ್ತಾರೆ. ಇದು ಹಿಂಸೆ. ಸರಿಯಾದ ದಾರಿ ಬೇರೆ ಇದೆ. ತಳದಲ್ಲಿ ತಂತಿಜಾಲರಿ ಇರುವ ಪಂಜರವನ್ನು ನೆರಳಿನಲ್ಲಿ, ನಾಲ್ಕು ಇಟ್ಟಿಗೆಗಳ ಮೇಲೆ ಇಡಿ. ಹುಲ್ಲು ಹಾಸದೆ ಕೋಳಿಯನ್ನು ಅದರೊಳಗೆ ಬಿಡಿ. ನೀರು, ಕಾಳು ಕೊಡಿ. ಕೆಳಗಿನಿಂದ ಗಾಳಿ ಆಡಿ ಹೊಟ್ಟೆ ತಂಪಾಗುತ್ತದೆ, ಪ್ರೊಲ್ಯಾಕ್ಟಿನ್ ಇಳಿಯುತ್ತದೆ. ಸಾಮಾನ್ಯವಾಗಿ ಮೂರು-ನಾಲ್ಕು ದಿನಗಳಲ್ಲಿ ಕಾವು ಬಿಡುತ್ತದೆ. ರಾತ್ರಿ ನಾಯಿ, ಬೆಕ್ಕು ಬಾರದಂತೆ ಪಂಜರವನ್ನು ಭದ್ರವಾದ ಜಾಗದಲ್ಲಿಡಿ.

ನಿಮಗೆ ಗೊತ್ತೆ?

ಫಾರಂಗಳ ವೈಟ್ ಲೆಗ್‌ಹಾರ್ನ್ ಕೋಳಿ ಕಾವು ಕೂರುವುದು ತೀರ ಅಪರೂಪ. ಹೆಚ್ಚು ಮೊಟ್ಟೆಗಾಗಿ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದರಿಂದ ಆ ಗುಣ ಕುಗ್ಗಿದೆ. ಅದರ ಮೊಟ್ಟೆಯಿಂದ ಮರಿ ಮಾಡಿಸಲು ಯಂತ್ರ ಬೇಕು, ಇಲ್ಲವೇ ನಮ್ಮ ನಾಟಿ ಕೋಳಿಯ ಕಾವು ಬೇಕು!

ಮಾಡಿ ನೋಡಿ

ಕಾವಿಗಿಟ್ಟ ಏಳನೆಯ ದಿನ ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಬೆಳಕು ಹಿಡಿಯಿರಿ. ಜೇಡದ ಕಾಲುಗಳಂತೆ ಕೆಂಪು ಎಳೆಗಳು ಕಂಡರೆ ಭ್ರೂಣ ಬೆಳೆಯುತ್ತಿದೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಮರಿಯಾಗದ ಮೊಟ್ಟೆ. ನೋಡಿದ ಕೂಡಲೇ ಮೊಟ್ಟೆಗಳನ್ನು ತಾಯಿಯ ಕೆಳಗೆ ಇಡಿ. ಸೋಪಿನಿಂದ ಕೈ ತೊಳೆಯಿರಿ.

ಯೋಚಿಸಿ

1. ಕಾವಿನ ಕೋಳಿಯ ಹೊಟ್ಟೆಯ ಗರಿ ಉದುರದಿದ್ದರೆ ಏನಾಗಬಹುದು?
2. ಪಂಜರದಲ್ಲಿ ಹುಲ್ಲು ಏಕೆ ಹಾಸಬಾರದು?