ಮನೆಮಂದಿ ಕೂಡಿ ಓದುವ ಮಕ್ಕಳ ಪುಸ್ತಕಗಳು

ಈ ವರ್ಷದ ಸಂಚಿಕೆಗೆ ಇತಿಹಾಸದ ಮೇಲೊಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿಗಳು ಕೇಳಿದ್ದರು. ಬಹಮನಿ ಅರಸರ ಮೇಲೆ ಬರೆಯಬಹುದಾಗಿತ್ತು; ಆದರೆ ಬೀದರದ ಕಾಲೇಜಿನ ಸಂಚಿಕೆಯಲ್ಲಿ ಬಹಮನಿ ಅರಸರಿಗೆ ಎಂದೂ ಕೊರತೆಯಾಗಿಲ್ಲ. ಎರಡು ಮೂರು ವರ್ಷಗಳಿಂದ ನನ್ನ ಮನಸ್ಸನ್ನು ಹಿಡಿದಿರುವ ವಿಷಯವೇ ಬೇರೆ. ಅದು ಮಕ್ಕಳ ಪುಸ್ತಕಗಳದು. ಕಾಲೇಜಿನಲ್ಲಿ ಮಕ್ಕಳ ಪುಸ್ತಕಗಳಿಗೇನು ಕೆಲಸವೆಂದು ಕೆಲವರು ನಗಬಹುದು. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಶಿಕ್ಷಕರಾಗುವವರು, ಬಹುಮಂದಿ ತಂದೆತಾಯಿಗಳಾಗುವವರು. ಅವರ ಮನೆಗಳಲ್ಲಿ ಇಂದೇ ತಮ್ಮ ತಂಗಿಯರಿದ್ದಾರೆ. ಆದಕಾರಣ ನಗುವವರು ನಗಲೆಂದು ಬರೆಯಲು ಕುಳಿತಿದ್ದೇನೆ.

ಮೊದಲು ನನ್ನ ಮನೆಯ ಸಂಗತಿಯನ್ನು ಹೇಳಬೇಕು. ನನ್ನ ತಂದೆಯವರು ಭಾಲ್ಕಿ ತಾಲೂಕಿನ ಒಂದು ಹಳ್ಳಿಯವರು, 1937ರಲ್ಲಿ ಹುಟ್ಟಿದವರು. ಮಾತು ಕನ್ನಡ, ಕಲಿತ ಅಕ್ಷರ ಉರ್ದು. ಇಂದಿಗೂ ಉರ್ದು ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಾರೆ. ಕನ್ನಡದಲ್ಲಿ ಬಂದ ಕಾಗದವನ್ನು ಮಾತ್ರ ನನ್ನ ಕೈಗೆ ಕೊಡುತ್ತಾರೆ. ತಾಯಿಯವರು ಉದಗೀರದ ಕಡೆಯವರು. 1956ರವರೆಗೆ ಉದಗೀರವೂ ಬೀದರ ಜಿಲ್ಲೆಗೇ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಆ ಭಾಗ ಮುಂಬಯಿ ರಾಜ್ಯಕ್ಕೆ ಹೋಯಿತು. ಅವರು ಓದುವುದು ಮರಾಠಿ. ನಾನು ಕನ್ನಡದಲ್ಲಿ ಓದಿದೆ. ನನ್ನ ಇಬ್ಬರು ಮಕ್ಕಳು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾರೆ. ಹೀಗೆ ಒಂದೇ ಸೂರಿನ ಕೆಳಗೆ ನಾಲ್ಕು ಲಿಪಿಗಳು. ಒಬ್ಬರು ಓದಿದ್ದು ಮತ್ತೊಬ್ಬರಿಗೆ ಮುಚ್ಚಿದ ಬಾಗಿಲು. ಬೀದರದಲ್ಲಿ ಇದು ನಮ್ಮ ಮನೆಯೊಂದರ ವಿಶೇಷವೇನೂ ಅಲ್ಲ.

ಮಗಳು ಹುಟ್ಟಿದಾಗಿನಿಂದ ನಾನು ಪುಸ್ತಕಗಳನ್ನು ಕೊಳ್ಳುತ್ತ ಬಂದವನು. ಹೈದರಾಬಾದಿಗೆ ಹೋದಾಗಲೆಲ್ಲ ನುಣುಪು ಕಾಗದದ, ಬಣ್ಣ ಬಣ್ಣದ ಇಂಗ್ಲಿಷ್ ಪುಸ್ತಕಗಳನ್ನು ತಂದೆ. ಮಕ್ಕಳು ಅವುಗಳನ್ನು ಮೂಲೆಯಲ್ಲಿ ಒಬ್ಬೊಬ್ಬರೇ ಕುಳಿತು ನೋಡಿದರು, ನೋಡಿ ಕಪಾಟಿನಲ್ಲಿಟ್ಟರು. ನನ್ನ ತಂದೆಯವರು ಹೊರಸಿನ ಮೇಲೆ ಕುಳಿತು ಅವರನ್ನು ದೂರದಿಂದ ನೋಡುತ್ತಿದ್ದರು. ಪುಸ್ತಕವು ಮೊಮ್ಮಗಳನ್ನು ಅವರಿಂದ ಒಂದು ಮೊಳ ದೂರ ಒಯ್ಯುತ್ತಿತ್ತೆಂಬುದು ಆಗ ನನಗೆ ಹೊಳೆಯಲಿಲ್ಲ. ಮಗಳಿಗೆ ಹತ್ತು ವರ್ಷವಾದಾಗಲೂ ಕನ್ನಡದ ಒಂದು ಪುಟವನ್ನು ಎಡವದೆ ಓದಲು ಬರುತ್ತಿರಲಿಲ್ಲ. ಅಜ್ಜನಿಗೆ ಉರ್ದುವಿನಿಂದಾಗಿ ಕನ್ನಡದ ಅಕ್ಷರ ತಪ್ಪಿತು, ಮೊಮ್ಮಗಳಿಗೆ ಇಂಗ್ಲಿಷಿನಿಂದಾಗಿ ತಪ್ಪುತ್ತಲಿತ್ತು; ನಡುವೆ ಒಂದು ತಲೆಮಾರು ಮಾತ್ರ ಓದಿ ಮುಗಿಯಿತೇ ಎಂದು ಆಗ ಹೆದರಿದೆ.

ಒಂದು ರಾತ್ರಿ ವಿದ್ಯುತ್ ಹೋಗಿತ್ತು. ಬ್ಯಾಟರಿ ದೀಪ ಒಂದೇ ಇದ್ದುದರಿಂದ ಎಲ್ಲರೂ ಪಡಸಾಲೆಯಲ್ಲಿ ಕೂಡಿದೆವು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಮಗಳ ಕೈಯಲ್ಲಿಟ್ಟು ಗಟ್ಟಿಯಾಗಿ ಓದೆಂದೆ. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಒಂದು ಹಳೆಯ ಐತಿಹ್ಯವನ್ನು 1842ರಲ್ಲಿ ಬ್ರೌನಿಂಗ್ ಕವಿ ಇಂಗ್ಲಿಷಿನಲ್ಲಿ ಹಾಡಿದ. ಅದನ್ನು ಮಲೆನಾಡಿನ ಕವಿ ನಮ್ಮ ಹಳ್ಳಿಗೆ ಕರೆತಂದರು. ಮಗಳು ತಡವರಿಸಿದಳು. ಆದರೆ ಪದ್ಯದ ಓಟವೇ ಅವಳನ್ನು ಎಳೆದುಕೊಂಡು ಹೋಯಿತು. ಅಕ್ಷರ ಬಾರದ ನನ್ನ ತಂದೆಯವರು ಕಿವಿಯಿಂದಲೇ ಅವಳ ತಪ್ಪುಗಳನ್ನು ತಿದ್ದತೊಡಗಿದರು. ಮುಂದಿನ ಪ್ರಾಸ ಯಾವುದಿರಬೇಕೆಂದು ಅವರಿಗೆ ಮೊದಲೇ ತಿಳಿಯುತ್ತಿತ್ತು. ಇಲಿಗಳು ಹೋದವು, ಗೌಡ ಮಾತಿಗೆ ತಪ್ಪಿದ, ಜೋಗಿಯ ಹಿಂದೆ ಮಕ್ಕಳು ಹೊರಟುಹೋದರು. ಮಗಳು ಪುಸ್ತಕ ಕೆಳಗಿಟ್ಟು ಕೇಳಿದಳು:

“ಮುತ್ಯಾ, ಸುಳ್ಳು ಹೇಳಿದಂವ ಗೌಡ. ಪೋರಗೋಳು ಯಾಕ ಹೋಗಬೇಕು? ಅವರೇನ್ ಮಾಡ್ಯಾರ?”

ನಾನು ಉತ್ತರ ಹುಡುಕುತ್ತಿದ್ದೆ. ತಂದೆಯವರು ಹೇಳಿದರು: “ಹಾಂಗೇ ಆಗ್ತದವ್ವಾ. ದೊಡ್ಡೋರು ಮಾಡ್ತಾರ, ಸಣ್ಣೋರು ಹೋಗ್ತಾರ. ನನ್ನ ಬಾಜೂಕ ಕೂತು ಅಲಿಫ್ ಬೇ ಕಲ್ತ ಪೋರ, ಪೊಲೀಸ್ ಆಕ್ಷನ್ ಆದ ಮ್ಯಾಲ ಸಾಲಿಗಿ ಬರಲೇ ಇಲ್ಲ. ಅವನ ತಖ್ತಿ ನಮ್ಮನ್ಯಾಗೇ ಉಳೀತು.”

“ಅದು ಎಲ್ಲದ ಈಗ?”

“ಗೆದ್ದಲ ತಿಂತು. ಅಲ್ಲೀತನಕ ಇಟ್ಟಿದ್ದೆ.”

ಐತಿಹಾಸಿಕ ಸಂಗತಿಯೇನೋ ನನಗೆ ಗೊತ್ತಿದ್ದದ್ದೇ. ಅದನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ: ರಜಾಕಾರರ ಹಾವಳಿಗೆ ಅಂಜಿ ಅನೇಕ ಹಿಂದೂ ಕುಟುಂಬಗಳು ಊರು ಬಿಟ್ಟವು, 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು, ಆಮೇಲಿನ ದಿನಗಳಲ್ಲಿ ಮುಸಲ್ಮಾನ ಕುಟುಂಬಗಳು ಪ್ರಾಣ, ಮನೆಮಾರು ಕಳೆದುಕೊಂಡವು, ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಬೀದರವೂ ಒಂದೆಂದು ಪಂಡಿತ ಸುಂದರಲಾಲ್ ಸಮಿತಿ ಬರೆಯಿತು. ಆದರೆ ನನ್ನ ಮನೆಯಲ್ಲಿಯೇ ಒಬ್ಬ ಬಾಲಕನ ತಖ್ತಿ ವರ್ಷಗಟ್ಟಲೆ ಇತ್ತೆಂಬುದನ್ನು ತಂದೆಯವರು ನನಗೆ ಎಂದೂ ಹೇಳಿರಲಿಲ್ಲ. ಇತಿಹಾಸದ ಅಧ್ಯಾಪಕನಾದ ನಾನು ಕೇಳಿರಲೂ ಇಲ್ಲ. ಅದನ್ನು ಕೇಳಿಸಿದ್ದು ಇಲಿಗಳ ಒಂದು ಪದ್ಯ.

ಆ ರಾತ್ರಿಯಿಂದ ಊಟವಾದ ಮೇಲೆ ಅರ್ಧ ಗಂಟೆ ಓದುವ ರೂಢಿ ಬಿದ್ದಿದೆ. ಎಲ್ಲ ಒಳ್ಳೆಯ ಪುಸ್ತಕವೂ ಕೂಡಿ ಓದುವ ಪುಸ್ತಕವಲ್ಲವೆಂಬುದು ಬೇಗನೆ ತಿಳಿಯಿತು. ಚಿತ್ರವೇ ಎಲ್ಲವನ್ನೂ ಹೇಳಿಬಿಡುವ ಪುಸ್ತಕ ಪೊರೆ ಬಂದ ಕಣ್ಣಿಗೆ ದಕ್ಕುವುದಿಲ್ಲ. ಪುಟದ ಕೊನೆಗೆ ನೀತಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಪುಸ್ತಕದಲ್ಲಿ ಯಾರಿಗೂ ಏನೂ ಕೇಳುವುದು ಉಳಿದಿರುವುದಿಲ್ಲ. ಕೇಳುತ್ತ ಕುಳಿತವರಿಗೆ ಅಡ್ಡ ಮಾತಾಡಲು ಎಡೆಯಿರಬೇಕು. “ನಮ್ಮಲ್ಲಿ ಹಾಂಗಲ್ಲ, ಹೀಂಗ” ಎನ್ನಲು ಹಿರಿಯರಿಗೆ ಅವಕಾಶವಿರಬೇಕು. ನಾನು ಪುಸ್ತಕಗಳನ್ನು ಆರಿಸುವುದು ಈಗ ಇದೊಂದೇ ಅಳತೆಯಿಂದ.

ಪಂಜೆ ಮಂಗೇಶರಾಯರು ಈ ಅಳತೆಗೆ ಚೆನ್ನಾಗಿ ಒಪ್ಪುತ್ತಾರೆ. ಮಂಗಳೂರಿನಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದವರು ಅವರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯನ್ನು ಓದುವಾಗ ಮೊದಲ ಸಾಲಿನಲ್ಲಿಯೇ ತಡೆ ಬಂತು. ಕಡಲನ್ನು ಕಾಣದ ಜಿಲ್ಲೆ ನಮ್ಮದು. ಸಿಗಡಿ ಎಂದರೇನೆಂದು ಯಾರಿಗೂ ತಿಳಿಯದು. ಅದು ಒಂದು ಸಣ್ಣ ಜಲಚರ, ಅದನ್ನು ಬಿಸಿಲಿಗೆ ಒಣಗಿಸುತ್ತಾರೆ ಎಂದು ನಾನು ಹೇಳಿ ಮುಂದುವರಿದೆ. ಒಬ್ಬರು ಇನ್ನೊಬ್ಬರ ಮೇಲೆ, ಅವರು ಮತ್ತೊಬ್ಬರ ಮೇಲೆ ತಪ್ಪು ಹೊರಿಸುತ್ತ ಸಾಗುವ ಸರಪಳಿ ಕಥೆ ಅದು. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ತಾಯಿ ಇಂಥದೇ ಒಂದು ಕಥೆಯನ್ನು ತನ್ನ ಆಯಿ ಹೇಳುತ್ತಿದ್ದಳೆಂದು ಮರಾಠಿಯಲ್ಲಿ ಶುರುಮಾಡಿದರು. ಎರಡು ಕಥೆಗಳೂ ಆ ರಾತ್ರಿ ಮುಗಿಯಲಿಲ್ಲ.

ತಾಯಿಗಾಗಿ ಸಾನೆ ಗುರೂಜಿಯವರ ‘ಶ್ಯಾಮಚೀ ಆಯೀ’ ತಂದೆವು. ನಾಸಿಕದ ಸೆರೆಮನೆಯಲ್ಲಿ 1933ರಲ್ಲಿ ಬರೆದ ಈ ಪುಸ್ತಕದಲ್ಲಿ ಅಧ್ಯಾಯಗಳಿಗೆ ‘ರಾತ್ರಿ’ ಎಂದೇ ಹೆಸರು; ಒಂದೊಂದು ರಾತ್ರಿ ಒಂದೊಂದು ನೆನಪು. ತಾಯಿ ಮರಾಠಿಯಲ್ಲಿ ಓದುತ್ತಾರೆ, ಮಗಳು ತಮ್ಮನಿಗೆ ಕನ್ನಡ ಮಾಡಿ ಹೇಳುತ್ತಾಳೆ. ನನ್ನ ಅಭಿಪ್ರಾಯದಲ್ಲಿ ಈ ಪುಸ್ತಕದಲ್ಲಿ ಕಣ್ಣೀರು ತುಸು ಹೆಚ್ಚು. ಹಾಗೆಂದು ಮನೆಯಲ್ಲಿ ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ. ತಂದೆಯವರ ಪಾಳಿ ಬಂದಾಗ ಅವರು ಪುಸ್ತಕ ತೆರೆಯುವುದೇ ಇಲ್ಲ. ಇಸ್ಮಾಯಿಲ್ ಮೇರಠಿಯವರ ಆಕಳಿನ ಪದ್ಯವನ್ನು ಬಾಯಿಪಾಠ ಒಪ್ಪಿಸುತ್ತಾರೆ. ಮಗ ಅದನ್ನು ಅರ್ಥ ತಿಳಿಯುವ ಮೊದಲೇ ಕಲಿತುಬಿಟ್ಟ.

ಎಲ್ಲರಿಗೂ ಸಮಾನವಾಗಿ ಹಿಡಿಸಿದ ಪುಸ್ತಕ ‘ತೊತ್ತೊ ಚಾನ್’. ಜಪಾನಿನ ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಪ್ರಕಟಿಸಿದ ಬಾಲ್ಯದ ನೆನಪುಗಳು ಇವು, ವಿ. ಗಾಯತ್ರಿಯವರು ಕನ್ನಡಕ್ಕೆ ತಂದಿದ್ದಾರೆ, ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿದೆ. ಶಾಲೆಯೊಂದರಿಂದ ಹೊರಗೆ ಹಾಕಿಸಿಕೊಂಡ ಹುಡುಗಿ ರೈಲುಡಬ್ಬಿಗಳಲ್ಲಿ ತರಗತಿ ನಡೆಯುವ ತೊಮೊಯೆ ಶಾಲೆಗೆ ಬರುತ್ತಾಳೆ. ಮೊದಲ ದಿನ ಮುಖ್ಯೋಪಾಧ್ಯಾಯ ಕೊಬಾಯಾಶಿಯವರು ಅವಳ ಮಾತನ್ನು ನಾಲ್ಕು ಗಂಟೆಗಳ ಕಾಲ ಕೇಳುತ್ತಾರೆ. ಅಧ್ಯಾಪಕ ಬಂಧುಗಳು ಈ ಒಂದು ಅಧ್ಯಾಯವನ್ನಾದರೂ ಓದಬೇಕು. ನಾನು ನನ್ನ ವಿದ್ಯಾರ್ಥಿಯೊಬ್ಬನ ಮಾತನ್ನು ನಾಲ್ಕು ನಿಮಿಷ ಕೇಳಿದ್ದು ಯಾವಾಗಲೆಂದು ನೆನಪಿಲ್ಲ. ಅಲ್ಲಿ ಮಕ್ಕಳ ಬುತ್ತಿಯಲ್ಲಿ ಕಡಲಿನದೊಂದು, ಗುಡ್ಡದ್ದೊಂದು ಪದಾರ್ಥವಿರಬೇಕು. ಬೀದರದವರು ಕಡಲಿನದನ್ನು ಎಲ್ಲಿಂದ ತರಬೇಕೆಂದು ಮಗ ಚಿಂತಿಸಿದ. “ಉಪ್ಪು ಎಲ್ಲೀದದ?” ಎಂದರು ತಂದೆಯವರು. ಮರುದಿನ ಅವನ ಬುತ್ತಿಯಲ್ಲಿ ಜೋಳದ ರೊಟ್ಟಿಯ ಪಕ್ಕ ಒಂದು ಚಿಟಿಕೆ ಉಪ್ಪಿನ ಪೊಟ್ಟಣವಿತ್ತು. ಯುದ್ಧದ ಕೊನೆಯಲ್ಲಿ, 1945ರಲ್ಲಿ, ಬಾಂಬಿನ ಬೆಂಕಿಗೆ ಆ ಶಾಲೆ ಸುಟ್ಟುಹೋಗುವ ಭಾಗವನ್ನು ಓದಿದ ದಿನ ತಂದೆಯವರು ತಖ್ತಿಯ ಹುಡುಗನ ಹೆಸರು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರದು. ಅದರ ವಿಜ್ಞಾನ ಹಳೆಯದಾಗಿದೆ. ಆದರೂ ಒಬ್ಬನೇ ಲೇಖಕ ಮಕ್ಕಳಿಗೆ ಜಗತ್ತನ್ನೇ ಹೇಳಹೊರಟ ಸಾಹಸ ಅದು. ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಬಾಪು ಗಾಂಧಿ ಆದ ಕತೆ’ಗೆ 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು, ಗಾಂಧಿ ಜಯಂತಿಗೆ ಭಾಷಣ ಬರೆದುಕೊಡಿರೆಂದು ಕೇಳಲು ಬರುವವರಿಗೆ ನಾನು ಈಗ ಇದನ್ನೇ ಕೊಡುತ್ತೇನೆ. ತೀರ ಸಣ್ಣವರಿಗೆ ಜಿ.ಪಿ. ರಾಜರತ್ನಂ, ದಿನಕರ ದೇಸಾಯಿಯವರ ಪದ್ಯಗಳಿದ್ದೇ ಇವೆ.

ಕೊಳ್ಳಲು ಹಣವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದುದು. ನನ್ನ ಪತ್ನಿ ಔರಾದ ತಾಲೂಕಿನ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅಲ್ಲಿಯ ಮಕ್ಕಳಲ್ಲಿ ಕೆಲವರ ಮನೆಮಾತು ಮರಾಠಿ, ಕೆಲವರದು ಲಂಬಾಣಿ. ಪ್ರಥಮ್ ಬುಕ್ಸ್ ಸಂಸ್ಥೆ 2015ರಿಂದ ಸ್ಟೋರಿವೀವರ್ ಎಂಬ ಅಂತರ್ಜಾಲ ತಾಣದಲ್ಲಿ ಅನೇಕ ಭಾಷೆಗಳ ಮಕ್ಕಳ ಕಥೆಗಳನ್ನು ಉಚಿತವಾಗಿ ಇಟ್ಟಿದೆ. ಅವುಗಳಲ್ಲಿ ಕೆಲವನ್ನು ಮುದ್ರಿಸಿ, ಹೊಲಿದು, ಶನಿವಾರ ಮಕ್ಕಳ ಕೈಯಲ್ಲಿ ಮನೆಗೆ ಕಳಿಸುತ್ತಾಳೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಸೋಮವಾರ ಒಂದು ಹುಡುಗಿ ಬಂದು ಹೇಳಿದಳಂತೆ: “ಬಾಯಿ, ನಾ ಕನ್ನಡ ಓದಿ ಅವ್ವಗ ನಮ್ಮ ಮಾತಿನಾಗ ಹೇಳಿದೆ. ಅವ್ವ ರೊಟ್ಟಿ ಹೊತ್ತಿಸಿದಳು.”

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದು ನಮ್ಮ ಭಾಗದವರೆಲ್ಲ ಬಲ್ಲ ಸಂಗತಿ. ನನ್ನ ತಂದೆಯವರ ಹಳ್ಳಿಯಿಂದ ಆ ಪಾಠಕ್ಕೆ ಹೋಗುವಷ್ಟು ಅನುಕೂಲವಿರಲಿಲ್ಲ. ಪಟ್ಟದ್ದೇವರ ಕಾಲದಲ್ಲಿ ಕನ್ನಡ ಓದುವುದಕ್ಕೆ ಅಡ್ಡಿಯಿತ್ತು. ನಮ್ಮ ಮಕ್ಕಳಿಗೆ ಅಡ್ಡಿ ಮಾಡುವವರು ಯಾರೂ ಇಲ್ಲ, ಕೈಯಲ್ಲಿಡುವವರೂ ಕಡಿಮೆ.

ನನ್ನ ಮನೆಯ ಕಪಾಟಿನಲ್ಲಿ ಈಗ ಕೂಡಿ ಓದಬಹುದಾದ ನಲವತ್ತು ಪುಸ್ತಕಗಳಿವೆ. ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ತಮ್ಮ ತಂಗಿಯರಿಗಾಗಿ ಹದಿನೈದು ದಿನಗಳ ಮಟ್ಟಿಗೆ ಒಯ್ಯಬಹುದು. ಲೆಕ್ಕದ ವಹಿ ನನ್ನ ಮಗಳ ಹತ್ತಿರವಿದೆ, ಕನ್ನಡದಲ್ಲಿಯೇ ಬರೆಯುತ್ತಾಳೆ. ತಡಮಾಡಿದವರನ್ನು ಅವಳು ಬಿಡುವುದಿಲ್ಲ. ‘ತೊತ್ತೊ ಚಾನ್’ ಸದ್ಯ ದ್ವಿತೀಯ ವರ್ಷದ ವಿದ್ಯಾರ್ಥಿಯೊಬ್ಬನ ಮನೆಯಲ್ಲಿದೆ. ಅವನ ಅಜ್ಜಿ ಇನ್ನೂ ಕೇಳಿ ಮುಗಿಸಿಲ್ಲವಾದ್ದರಿಂದ ಅವಧಿಯನ್ನು ಎರಡು ಸಲ ಮುಂದೂಡಲಾಗಿದೆ.