ಹಳೆಯ ಲಾರಿಯ ಸ್ಟಿಯರಿಂಗ್

ಕೃಷ್ಣಾ, ತುಂಗಭದ್ರಾ ನದಿಗಳ ನಡುವಣ ಭೂಭಾಗಕ್ಕೆ ಹಿಂದೆ ಎಡೆದೊರೆ ನಾಡು ಎಂಬ ಹೆಸರಿತ್ತು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳು ಈ ನಾಡಿನಲ್ಲಿ ಒಂದೇ ಹೆದ್ದಾರಿಯ ಮೇಲೆ ಪೋಣಿಸಿದಂತೆ ಇವೆ. ಲಿಂಗಸುಗೂರಿಗೆ ಸಮೀಪದ ಹಟ್ಟಿಯಲ್ಲಿ ಚಿನ್ನದ ಗಣಿಯುಂಟು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರಿನ ಸೀಮೆ ಬತ್ತದ ಕಣಜವಾಯಿತು. ಬತ್ತ ಬೆಳೆದಲ್ಲಿ ಗಿರಣಿ, ಗಿರಣಿಯಿದ್ದಲ್ಲಿ ಲಾರಿ. ಎತ್ತಿನ ಬಂಡಿಗಳು ಹೊರುತ್ತಿದ್ದ ಭಾರವನ್ನು ಲಾರಿಗಳು ಹೊತ್ತವು. ಆ ಲಾರಿಗಳನ್ನು ತಿರುಗಿಸಿದ ಭುಜಗಳ ಸಂಗತಿಯನ್ನು ಮಾತ್ರ ನೆನೆಯುವವರು ಕಡಿಮೆ.

ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಲ್ಲಿ ಟಾಟಾದವರು 1954ರಲ್ಲಿ ಜಮಶೇಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿದರು. 1969ರಲ್ಲಿ ಆ ಒಪ್ಪಂದ ಮುಗಿಯಿತು. ಲಾರಿಯ ಮುಂಭಾಗದ ಮೂರು ಮೊನೆಯ ನಕ್ಷತ್ರ ಹೋಗಿ ಟಾಟಾ ಲಾಂಛನ ಬಂದಿತು. ಎಂಜಿನ್ನಿನ ಭಾಗ ಮೂಗಿನಂತೆ ಮುಂದೆ ಚಾಚಿದ್ದ ಆ ಲಾರಿಗಳು ಹಲವು ದಶಕಗಳ ಕಾಲ ನಮ್ಮ ರಸ್ತೆಗಳನ್ನು ಆಳಿದವು. ಅಂಥ ಒಂದು ಲಾರಿಯನ್ನು ಇಂದಿಗೂ ಮಾರದೆ ಉಳಿಸಿಕೊಂಡಿರುವ ಒಂದು ಮನೆಯನ್ನು ಲಿಂಗಸುಗೂರಿನಲ್ಲಿ ಕಲ್ಪಿಸಿಕೊಳ್ಳಬಹುದು. ತಂದೆಗೆ ಅರವತ್ತು ದಾಟಿದೆ. ಆ ಲಾರಿಯ ದುಡಿಮೆಯಿಂದಲೇ ಮನೆ ಕಟ್ಟಿದವರು ಅವರು. ಈಗ ಸುಗ್ಗಿಯಲ್ಲಿ ಮಾತ್ರ ಬತ್ತದ ಚೀಲಗಳನ್ನು ಗಿರಣಿಗೆ ಸಾಗಿಸುತ್ತಾರೆ. ಬಲಭುಜ ನೋಯುತ್ತದೆ, ವೈದ್ಯರು ಭಾರದ ಕೆಲಸ ಬೇಡವೆಂದಿದ್ದಾರೆ.

“ಅಪ್ಪಾ, ಪವರ್ ಸ್ಟಿಯರಿಂಗ್ ಹಾಕಿಸಿಬಿಡೋಣ” ಎನ್ನುತ್ತಾನೆ ಮಗ.

“ಅದನ್ನು ಹಾಕಿಸಿದ ಮೇಲೆ ಇದು ನನ್ನ ಲಾರಿ ಹೇಗಾದೀತು, ತಮ್ಮಾ?” ಎನ್ನುತ್ತಾರೆ ತಂದೆ.

ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಯಾರದು ಸರಿ ಎಂದು ಹೇಳುವ ಮೊದಲು ಯಂತ್ರದ ಒಳಗನ್ನು ಅರಿಯಬೇಕು.

ಚಾಲಕನ ಕೈಯಲ್ಲಿರುವ ಚಕ್ರದಿಂದ ಒಂದು ದಂಡವು ಕೆಳಗಿಳಿದು ಸ್ಟಿಯರಿಂಗ್ ಪೆಟ್ಟಿಗೆಯನ್ನು ಸೇರುತ್ತದೆ. ಪೆಟ್ಟಿಗೆಯೊಳಗೆ ತಿರುಪಿನಂಥ ಹಲ್ಲುಗಳಿವೆ. ಅವು ಚಕ್ರದ ಹಲವು ಸುತ್ತುಗಳನ್ನು ಒಂದು ತೋಳಿನ ಸಣ್ಣ ಚಲನೆಯಾಗಿ ಮಾರ್ಪಡಿಸುತ್ತವೆ. ಆ ತೋಳು ಸರಳುಗಳ ಮೂಲಕ ಮುಂಗಾಲಿಗಳನ್ನು ಹೊರಳಿಸುತ್ತದೆ. ಬಾಗಿಲಿಗೆ ತಿರುಗಣಿ ಹೇಗೋ ಮುಂಗಾಲಿಗೆ ಕಿಂಗ್‌ಪಿನ್ ಎಂಬ ಉಕ್ಕಿನ ಗೂಟ ಹಾಗೆ. ಚಕ್ರವನ್ನು 25 ಡಿಗ್ರಿ ತಿರುಗಿಸಿದಾಗ ಗಾಲಿಯು 1 ಡಿಗ್ರಿ ಹೊರಳುವುದೆಂದು ಇಟ್ಟುಕೊಂಡರೆ, ಗಾಲಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ 70 ಡಿಗ್ರಿ ಹೊರಳಿಸಲು ಚಕ್ರವನ್ನು ಸುಮಾರು ಐದು ಸುತ್ತು ಸುತ್ತಬೇಕಾಗುತ್ತದೆ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕೆಂಬುದು ಸನ್ನೆಗೋಲಿನ ನಿಯಮ, ಇಲ್ಲಿಯೂ ಅದೇ. ಹಳೆಯ ಲಾರಿಗಳ ಚಕ್ರ ಅಷ್ಟು ದೊಡ್ಡದಾಗಿರುವುದೂ ಬಲವನ್ನು ಉಳಿಸುವುದಕ್ಕಾಗಿಯೇ.

ಲಾರಿ ಚಲಿಸುತ್ತಿರುವಾಗ ಇದು ಕಷ್ಟವೆನಿಸದು. ನಿಂತಲ್ಲಿಯೇ ತಿರುಗಿಸುವಾಗ ಟೈರು ನೆಲವನ್ನು ಉಜ್ಜಬೇಕಾಗುತ್ತದೆ, ಆಗ ಬೆವರಿಳಿಯುತ್ತದೆ. ಆದುದರಿಂದಲೇ ಹಳೆಯ ಚಾಲಕರು ಲಾರಿಯನ್ನು ಗೇಣಿನಷ್ಟಾದರೂ ಸರಿಸುತ್ತ ಚಕ್ರವನ್ನು ತಿರುಗಿಸುತ್ತಿದ್ದರು. ಅವರ ಇನ್ನೊಂದು ಅಭ್ಯಾಸವೂ ಉಂಟು: ಹೆಬ್ಬೆರಳನ್ನು ಚಕ್ರದ ಒಳಕ್ಕೆ ಸುತ್ತದೆ ಹೊರಗೇ ಇಡುವುದು. ಗಾಲಿ ತಗ್ಗಿಗೆ ಬಿದ್ದರೆ ಆ ಹೊಡೆತ ಸರಳುಗಳ ಮೂಲಕ ಹಿಂದಿರುಗಿ ಚಕ್ರವನ್ನು ಥಟ್ಟನೆ ತಿರುಗಿಸುತ್ತದೆ. ಚಕ್ರದ ಅಡ್ಡಕಡ್ಡಿ ಬಡಿದು ಬೆರಳು ಮುರಿಯಬಹುದು.

ಈ ಕಷ್ಟವನ್ನು ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರರು ಹತ್ತಿರದಿಂದ ಬಲ್ಲವರಾಗಿದ್ದರು. ಅವರು ಪಿಯರ್ಸ್-ಆ್ಯರೊ ಸಂಸ್ಥೆಯ ಲಾರಿ ವಿಭಾಗದಲ್ಲಿ ದುಡಿದವರು. ತೈಲದ ಒತ್ತಡದಿಂದ ಚಾಲಕನಿಗೆ ನೆರವಾಗುವ ಸ್ಟಿಯರಿಂಗನ್ನು ಅವರು 1926ರಲ್ಲಿ ಕಾರಿನ ಮೇಲೆ ಪ್ರದರ್ಶಿಸಿದರು. ಎರಡನೆಯ ಮಹಾಯುದ್ಧದ ಸೇನಾವಾಹನಗಳಲ್ಲಿ ಅಂಥ ಸಾಧನ ಬಳಕೆಯಾಯಿತು. ಮಾರಾಟದ ಕಾರಿನಲ್ಲಿ ಅದು ಕಾಣಿಸಿಕೊಳ್ಳಲು ಕ್ರೈಸ್ಲರ್ ಸಂಸ್ಥೆಯ 1951ರ ಇಂಪೀರಿಯಲ್ ಬರಬೇಕಾಯಿತು.

ಅದರ ತತ್ತ್ವ ಸರಳ. ಎಂಜಿನ್ ಒಂದು ಪಂಪನ್ನು ನಡೆಸುತ್ತದೆ. ಪಂಪು ತೈಲವನ್ನು ಟೈರಿನ ಗಾಳಿಗಿಂತ ಹತ್ತು ಪಟ್ಟಿಗೂ ಮಿಗಿಲಾದ ಒತ್ತಡದಿಂದ ತಳ್ಳಬಲ್ಲದು. ಚಾಲಕನು ಚಕ್ರವನ್ನು ಬಲಕ್ಕೋ ಎಡಕ್ಕೋ ಕದಲಿಸಿದೊಡನೆ ಒಂದು ಕವಾಟ ಆ ಕಡೆಗೆ ತೆರೆದುಕೊಳ್ಳುತ್ತದೆ. ತೈಲವು ಪಿಸ್ಟನ್ನನ್ನು ಒತ್ತುತ್ತದೆ. ದಿಕ್ಕನ್ನು ಹೇಳುವವನು ಚಾಲಕನು, ದುಡಿಯುವುದು ಎಂಜಿನ್. ತಗ್ಗಿನ ಹೊಡೆತವನ್ನೂ ತೈಲವೇ ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಎಂಜಿನ್ ನಿಂತರೆ ಈ ನೆರವೂ ನಿಲ್ಲುತ್ತದೆ. ಗಾಲಿಗೂ ಚಕ್ರಕ್ಕೂ ಇರುವ ಕಬ್ಬಿಣದ ಸಂಬಂಧ ಕಡಿಯದಿದ್ದರೂ, ಆಗ ಚಕ್ರವು ಸಾದಾ ಸ್ಟಿಯರಿಂಗಿಗಿಂತಲೂ ಭಾರವಾಗುವುದುಂಟು.

ತಂದೆಮಕ್ಕಳು ಲಾರಿಯನ್ನು ಮೇಸ್ತ್ರಿಯ ಬಳಿಗೆ ಒಯ್ದರು. ಆತನು ಪವರ್ ಸ್ಟಿಯರಿಂಗಿನ ಮಾತನ್ನೇ ಎತ್ತಲಿಲ್ಲ. ಮುಂದಿನ ಆಕ್ಸಲಿಗೆ ಜಾಕಿ ಕೊಟ್ಟು ಗಾಲಿಗಳನ್ನು ನೆಲದಿಂದ ಮೇಲೆತ್ತಿ, “ಯಜಮಾನರೆ, ಈಗ ತಿರುಗಿಸಿ ನೋಡಿ” ಎಂದನು. ಗಾಳಿಯಲ್ಲಿದ್ದರೂ ಗಾಲಿಗಳು ಸುಲಭವಾಗಿ ಹೊರಳಲಿಲ್ಲ. ನೆಲದ ಉಜ್ಜುವಿಕೆ ಇಲ್ಲದಾಗಲೂ ಬಿಗಿಯೆಂದರೆ ದೋಷ ಕೀಲುಗಳಲ್ಲಿಯೇ ಇದೆಯೆಂದು ಅರ್ಥ. ಕಿಂಗ್‌ಪಿನ್ನುಗಳು ಗ್ರೀಸಿಲ್ಲದೆ ಕಚ್ಚಿಕೊಂಡಿದ್ದವು, ಬುಷ್‌ಗಳು ಸವೆದಿದ್ದವು. ಮುಂಗಾಲಿಯ ಟೈರುಗಳಲ್ಲಿ ಗಾಳಿಯೂ ಕಡಿಮೆ.

ಇಲ್ಲಿ ಮೇಸ್ತ್ರಿ ತಾಳ್ಮೆ ತೋರಿದ್ದು ದೊಡ್ಡದು. ಹಾಗೆಯೇ ಪಂಪನ್ನು ಜೋಡಿಸಿದ್ದರೆ ಚಕ್ರವೇನೋ ಹಗುರವಾಗುತ್ತಿತ್ತು. ಕಚ್ಚಿಕೊಂಡ ಕೀಲುಗಳನ್ನು ತೈಲವು ಬಲವಂತದಿಂದ ಹೊರಳಿಸುತ್ತ ಇರುತ್ತಿತ್ತು. ಕೈಗೆ ನೋವಾಗದಿರುವುದರಿಂದ ಸವೆತದ ಸುದ್ದಿ ಯಾರಿಗೂ ತಿಳಿಯುತ್ತಿರಲಿಲ್ಲ. ಮುಂದೊಂದು ದಿನ, ತುಂಬಿದ ಲಾರಿ ಓಡುತ್ತಿರುವಾಗ, ಸರಳಿನ ಕೀಲು ಕಳಚಿದರೆ ಗತಿಯೇನು? ಸಾದಾ ಸ್ಟಿಯರಿಂಗಿನ ಭಾರವು ಎಷ್ಟೋ ವೇಳೆ ಕೇವಲ ಭಾರವಲ್ಲ, ದೂರು. ಸ್ಟಿಯರಿಂಗ್ ಚಕ್ರದ ಪೊಳ್ಳು ತಿರುಗಾಟ 30 ಡಿಗ್ರಿಯನ್ನು ಮೀರಕೂಡದೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿರುವುದು ಸುಮ್ಮನೆ ಅಲ್ಲ.

ಹೊಸ ಕಿಂಗ್‌ಪಿನ್ನುಗಳೂ ಬುಷ್‌ಗಳೂ ಬಂದವು. ಆಕ್ಸಲನ್ನು ಎತ್ತಿಯೇ ಗ್ರೀಸು ತುಂಬಿಸಿದರು; ಭಾರ ಕೂತಿದ್ದಾಗ ತುಂಬಿಸಿದರೆ ಅದು ಒತ್ತಿಕೊಂಡಿರುವ ತಳಕ್ಕೆ ಇಳಿಯದು. ಬರಿದಾದ ಲಾರಿಯನ್ನು ಮಸ್ಕಿಯವರೆಗೆ ಓಡಿಸಿಕೊಂಡು ಬಂದ ತಂದೆಯ ಮುಖ ಅರಳಿತ್ತು.

“ನೋಡಿದೆಯಾ, ತಮ್ಮಾ? ಒಂದೇ ಕೈಯಲ್ಲಿ ತಿರುಗುತ್ತದೆ!”

ಮಗನು ಉತ್ತರಿಸಲಿಲ್ಲ. ಸುಗ್ಗಿ ಬಂದಾಗ ಬತ್ತ ಹೇರಿಕೊಂಡು ಇಬ್ಬರೂ ಸಿಂಧನೂರಿಗೆ ಹೋದರು. ಗಿರಣಿಯ ಅಂಗಳ ಇಕ್ಕಟ್ಟು. ಹಿಂದೆ ಮುಂದೆ ಲಾರಿಗಳ ಸಾಲು. ಸರಿಸುತ್ತ ತಿರುಗಿಸಲು ಎಡೆಯಿಲ್ಲ. ತಂದೆ ಎರಡು ಸಲ ಚಕ್ರವನ್ನು ಬಿಟ್ಟು ಭುಜವನ್ನು ಒತ್ತಿಕೊಂಡರು. ಮೂರನೆಯ ಸಲ ಕೈ ಜಾರಿತು. ಹಿಂದೆ ನಿಂತು ದಾರಿ ತೋರುತ್ತಿದ್ದ ಹಮಾಲನು ಪಕ್ಕಕ್ಕೆ ನೆಗೆದು ಪಾರಾದನು. ಕೀಲುಗಳಲ್ಲಿ ಈಗ ದೋಷವಿರಲಿಲ್ಲ. ಹಿಂದಿರುಗುವಾಗ ಮಗನೇ ಲಾರಿ ನಡೆಸಿದನು. ಮಸ್ಕಿ ದಾಟುವವರೆಗೆ ಇಬ್ಬರೂ ಮಾತನಾಡಲಿಲ್ಲ.

“ಮೇಸ್ತ್ರಿಗೆ ಹೇಳು” ಎಂದರು ತಂದೆ ಕೊನೆಗೆ.

ಕೆಲಸ ಸಣ್ಣದಲ್ಲ. ಹೊಸ ಪೆಟ್ಟಿಗೆಯನ್ನು ಕೂರಿಸಲು ಷಾಸಿಗೆ ಗಟ್ಟಿಯಾದ ಆಧಾರ ಬೇಕು. ಪಂಪು, ತೈಲದ ಡಬ್ಬಿ, ಒತ್ತಡ ತಾಳುವ ಕೊಳವೆಗಳು ಬೇಕು. ಪೆಟ್ಟಿಗೆಯ ತೋಳಿನ ಉದ್ದವೂ ತಿರುಗುವ ದಿಕ್ಕೂ ಹಳೆಯದಕ್ಕೆ ಹೊಂದಬೇಕು. ದಿಕ್ಕು ತಪ್ಪಿದರೆ ಬಲಕ್ಕೆ ತಿರುಗಿಸಿದ ಲಾರಿ ಎಡಕ್ಕೆ ಹೊರಳೀತು. ಎಂಟು ವರ್ಷ ಮೀರಿದ ಲಾರಿಗೆ ಪ್ರತಿವರ್ಷವೂ ಯೋಗ್ಯತಾಪತ್ರ ಪಡೆಯಬೇಕಾಗಿರುವುದರಿಂದ, ಈ ಮಾರ್ಪಾಡಿನ ವಿಷಯವನ್ನು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿದರು.

ಜೋಡಣೆ ಮುಗಿದ ದಿನ ಮೇಸ್ತ್ರಿ ತಂದೆಯನ್ನು ಆಸನದಲ್ಲಿ ಕೂರಿಸಿ, ಎಂಜಿನ್ ಹಚ್ಚದೆಯೇ ಚಕ್ರವನ್ನು ತಿರುಗಿಸಲು ಹೇಳಿದನು. ಅದು ಕದಲುವುದೇ ಕಷ್ಟವಾಯಿತು. “ದಾರಿಯಲ್ಲಿ ಎಂಜಿನ್ ನಿಂತರೆ ಹೀಗಿರುತ್ತದೆ, ಯಜಮಾನರೆ. ಇಳಿಜಾರಿನಲ್ಲಿ ಎಂದಿಗೂ ಎಂಜಿನ್ ಆರಿಸಬೇಡಿ. ಚಕ್ರವನ್ನು ಕೊನೆಯವರೆಗೆ ತಿರುಗಿಸಿ ಒತ್ತಿ ಹಿಡಿಯಲೂಬೇಡಿ, ತೈಲ ಕಾಯುತ್ತದೆ” ಎಂದನು. ಆಮೇಲೆ ಎಂಜಿನ್ ಹಚ್ಚಿದರು. ನಿಂತ ಲಾರಿಯ ಗಾಲಿಗಳು ಎರಡು ಬೆರಳಿಗೆ ಹೊರಳಿದವು.

ಬಿಚ್ಚಿ ತೆಗೆದ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕಲು ತಂದೆ ಒಪ್ಪಲಿಲ್ಲ. ಅದಕ್ಕೆ ಗ್ರೀಸು ಸವರಿ, ಗೋಣಿತಾಟಿನಲ್ಲಿ ಸುತ್ತಿ, ಮನೆಯ ಹಿಂದಿನ ಕೊಟ್ಟಿಗೆಯ ಮೂಲೆಯಲ್ಲಿ ಇಡಿಸಿದರು.